ಮರೆತ ನ್ಯಾಸ: ಹುಣಸಗಿ ಸೀಮೆಯ ದಾಖಲೆಗಳು ಮತ್ತು ಆಡಳಿತದ ಅಣುವ್ರತ

ಹುಣಸಗಿಯು ವಿದ್ವಾಂಸರ ಲೋಕಕ್ಕೆ ಪರಿಚಯವಾದದ್ದು ತನ್ನ ಕಲ್ಲುಗಳಿಂದ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1970ರ ದಶಕದಿಂದ ಕೃಷ್ಣೆಯ ಎಡದಂಡೆಯ ಈ ಕಣಿವೆಯನ್ನು ನಡೆದು ನಡೆದು ಶೋಧಿಸಿದರು. ಇಲ್ಲಿಯ ಇಸಾಂಪುರದಲ್ಲಿ ಆದಿಮಾನವನು ಸುಣ್ಣಕಲ್ಲಿನ ಬಂಡೆಗಳನ್ನು ಸೀಳಿ ಕೈಗೊಡಲಿಗಳನ್ನು ಮಾಡಿಕೊಂಡಿದ್ದ ಕಮ್ಮಟವೊಂದು ಬೆಳಕಿಗೆ ಬಂದಿತು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ವೈಜ್ಞಾನಿಕ ಪರೀಕ್ಷೆಗಳು ಸೂಚಿಸಿವೆ. ಅದಕ್ಕೂ ಒಂದು ಶತಮಾನಕ್ಕಿಂತ ಹಿಂದೆಯೇ ಸಮೀಪದ ರಾಜನಕೋಳೂರಿನ ಬೃಹತ್ ಶಿಲಾಗೋರಿಗಳನ್ನು ಸುರಪುರದ ಆಡಳಿತ ನೋಡಿಕೊಳ್ಳುತ್ತಿದ್ದ ಫಿಲಿಪ್ ಮೆಡೋಸ್ ಟೇಲರ್ ಅಳೆದು, ಚಿತ್ರ ಬರೆದು, ಜಗತ್ತಿಗೆ ತಿಳಿಸಿದ್ದನು.

ಕಲ್ಲಿನ ಕೈಗೊಡಲಿಗೆ ಒಂದು ವಿಶೇಷ ಗುಣವಿದೆ. ತಾನು ಮುಂದೊಂದು ದಿನ ದಾಖಲೆಯಾಗುತ್ತೇನೆಂದು ಅದನ್ನು ಮಾಡಿದವನು ಎಣಿಸಿರಲಿಲ್ಲ. ಆದುದರಿಂದ ಅದು ಸುಳ್ಳು ಹೇಳುವ ಸಂಭವವೇ ಇಲ್ಲ. ಮನುಷ್ಯನು ಉದ್ದೇಶಪೂರ್ವಕವಾಗಿ ದಾಖಲೆ ಬರೆಯಲು ತೊಡಗಿದಂದಿನಿಂದ ಮಾತ್ರ ಈ ನಿಶ್ಚಿಂತೆ ಹೋಯಿತು. ಯಾರ ಹೊಲ ಯಾರದು, ಯಾರು ಎಷ್ಟು ಕಂದಾಯ ಕಟ್ಟಿದರು, ಯಾರಿಗೆ ಎಷ್ಟು ಧಾನ್ಯ ಸಲ್ಲಬೇಕು ಎಂಬುದನ್ನು ಬರೆದಿಡುವವನು ಒಬ್ಬ, ಅದರಿಂದ ಬದುಕುವವನು ಮತ್ತೊಬ್ಬ. ಇವರಿಬ್ಬರ ನಡುವಿನ ಸಂಬಂಧದ ನೀತಿ ಯಾವುದು? ಶಿಲಾಶಾಸನ, ಓಲೆಗರಿ, ದಫ್ತರದ ಕಟ್ಟು, ಕಂಪ್ಯೂಟರ್ ಪರದೆ ಎಂದು ಬರಹದ ಆಧಾರ ಬದಲಾಗುತ್ತ ಬಂದರೂ ಈ ಪ್ರಶ್ನೆ ಬದಲಾಗಿಲ್ಲ. ಈ ಪ್ರಶ್ನೆಯನ್ನು ಹುಣಸಗಿ–ಸುರಪುರ ಸೀಮೆಯ ಇತಿಹಾಸದ ನೆಲೆಯಲ್ಲಿ, ಜೈನ ಶ್ರಾವಕಾಚಾರದ ಬೆಳಕಿನಲ್ಲಿ ಪರಿಶೀಲಿಸುವುದು ಈ ಬರಹದ ಉದ್ದೇಶ.

ಅತಿಚಾರವೆಂಬ ಸೂಕ್ಷ್ಮ

ಶ್ರಾವಕನ ಐದು ಅಣುವ್ರತಗಳು ಎಲ್ಲರಿಗೂ ತಿಳಿದವೇ: ಅಹಿಂಸೆ, ಸತ್ಯ, ಅಚೌರ್ಯ, ಬ್ರಹ್ಮಚರ್ಯ, ಪರಿಗ್ರಹ ಪರಿಮಾಣ. ಆದರೆ ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಗಳನ್ನು ಹೇಳಿ ಸುಮ್ಮನಾಗಲಿಲ್ಲ. ಪ್ರತಿಯೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸಿದರು. ಅತಿಚಾರವೆಂದರೆ ವ್ರತವನ್ನು ಪೂರ್ಣವಾಗಿ ಮುರಿಯುವುದಲ್ಲ. ವ್ರತ ಉಳಿದಂತೆ ಕಾಣುತ್ತಿರುವಾಗಲೇ ಅದು ಒಳಗಿನಿಂದ ಸವೆಯುವುದು. ಕಳ್ಳನನ್ನು ಹಿಡಿಯಲು ರಾಜದಂಡವಿದೆ. ಕಳ್ಳತನ ಮಾಡದೆಯೂ ಇನ್ನೊಬ್ಬನಿಗೆ ನಷ್ಟ ಮಾಡುವವನನ್ನು ಹಿಡಿಯಲು ಅತಿಚಾರದ ವಿವೇಕ ಬೇಕು.

ಸತ್ಯಾಣುವ್ರತದ ಐದು ಅತಿಚಾರಗಳು ಇವು: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ತಪ್ಪು ದಾರಿ ತೋರುವುದು ಮೊದಲನೆಯದು. ಇತರರ ಏಕಾಂತದ ಸಂಗತಿಯನ್ನು ಬಯಲಿಗೆ ತರುವುದು ಎರಡನೆಯದು. ಒಬ್ಬನು ಆಡದ ಮಾತನ್ನು, ಮಾಡದ ಕಾರ್ಯವನ್ನು ಅವನದೆಂಬಂತೆ ಬರೆದಿಡುವುದು ಮೂರನೆಯದು. ಇನ್ನೊಬ್ಬನ ಹಾವಭಾವಗಳಿಂದ ಅವನ ಮನಸ್ಸಿನ ಗುಟ್ಟನ್ನು ಊಹಿಸಿ ಹೊರಗೆಡಹುವುದು ಐದನೆಯದು. ಇವುಗಳ ಪಟ್ಟಿಯನ್ನು ನೋಡಿದರೆ ಇದು ಸಾವಿರದೈನೂರು ವರ್ಷಗಳಿಗೂ ಹಿಂದಿನ ಗ್ರಂಥದ್ದೋ, ಇಂದಿನ ಯಾವುದೋ ಮಾಹಿತಿ ಸಂರಕ್ಷಣಾ ಸಮಿತಿಯ ಕಾರ್ಯಸೂಚಿಯೋ ಎಂಬ ಅನುಮಾನ ಬರುವಂತಿದೆ.

ನಾಲ್ಕನೆಯದಾದ ನ್ಯಾಸಾಪಹಾರಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಅತ್ಯಂತ ಮಾರ್ಮಿಕವಾದುದು. ನ್ಯಾಸವೆಂದರೆ ನಂಬಿ ಒಪ್ಪಿಸಿದ ಇಡುಗಂಟು. ಅದನ್ನು ನುಂಗಿಹಾಕುವುದು ನೇರವಾದ ಕಳ್ಳತನ. ಆಚಾರ್ಯರು ಹೇಳುತ್ತಿರುವುದು ಅದನ್ನಲ್ಲ. ಒಬ್ಬನು ಹೊನ್ನನ್ನು ಒಪ್ಪಿಸಿ ಹೋಗಿದ್ದಾನೆ. ಕಾಲಾನಂತರದಲ್ಲಿ ತಾನು ಎಷ್ಟು ಇಟ್ಟಿದ್ದೆನೆಂಬುದು ಅವನಿಗೆ ಮರೆತುಹೋಗಿದೆ. ಬಂದು ಕಡಿಮೆ ಮೊತ್ತವನ್ನು ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಕೊಳ್ಳುತ್ತಾನೆ. ಅವನು ಕೇಳಿದ್ದನ್ನು ಕೇಳಿದಷ್ಟೇ ಕೊಟ್ಟಿದ್ದಾನೆ; ಯಾವ ನ್ಯಾಯಾಲಯವೂ ಇಲ್ಲಿ ಸುಲಭವಾಗಿ ಅಪರಾಧ ಕಾಣಲಾರದು. ಆದರೂ ಇದು ನ್ಯಾಸಾಪಹಾರ. ಒಪ್ಪಿಸಿದವನ ಮರೆವು ಇಟ್ಟುಕೊಂಡವನ ಲಾಭವಾಗಬಾರದು ಎಂಬುದು ಇದರ ತಿರುಳು. ಆಡಳಿತದ ನೀತಿಯನ್ನು ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ಕಠಿಣವಾಗಿ ಹೇಳುವುದು ಕಷ್ಟ.

ಬಯಲಿನ ದಾಖಲೆ

ನಮ್ಮ ಪೂರ್ವಿಕರು ದಾನದ ದಾಖಲೆಯನ್ನು ಕಲ್ಲಿನ ಮೇಲೆ ಕೆತ್ತಿಸಿದ್ದು ಅದು ಬಾಳಿಕೆ ಬರಲೆಂಬ ಕಾರಣಕ್ಕೆ ಮಾತ್ರವಲ್ಲ. ಶಾಸನವು ಬಸದಿಯ ಮುಂದೆ, ಕೆರೆಯ ಏರಿಯ ಮೇಲೆ, ಊರಿನ ಹೆಬ್ಬಾಗಿಲಲ್ಲಿ ನಿಲ್ಲುತ್ತದೆ. ದತ್ತಿ ಬಿಟ್ಟ ಭೂಮಿಯ ಎಲ್ಲೆಗಳು, ಅಳತೆ, ಸಾಕ್ಷಿಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಅಕ್ಷರ ಬಲ್ಲವನು ಓದಿ ಹೇಳಿದರೆ ಉಳಿದವರು ಕೇಳುತ್ತಾರೆ. ಕೊನೆಗೆ ಇದನ್ನು ಅಳಿಪಿದವನಿಗೆ ಶಾಪ, ಕಾಯ್ದವನಿಗೆ ಪುಣ್ಯ. ದಾಖಲೆಯ ರಕ್ಷಣೆಯ ಹೊಣೆಯನ್ನು ಒಬ್ಬ ಕರಣಿಕನಿಗೆ ಬಿಡದೆ ಮುಂದಿನ ತಲೆಮಾರುಗಳಿಗೆಲ್ಲ ಹಂಚುವ ವ್ಯವಸ್ಥೆಯಿದು.

ಓಲೆಗರಿಯ ವಿಷಯದಲ್ಲಿ ಇದೇ ಬುದ್ಧಿ ಬೇರೊಂದು ರೂಪದಲ್ಲಿ ಕಾಣುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಯಾದಗಿರಿಗೆ ನೆರೆಯ ಸೇಡಂ ತಾಲ್ಲೂಕಿನಲ್ಲಿದೆ. ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದ ಪೊನ್ನನು ರಚಿಸಿದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ದಾನಚಿಂತಾಮಣಿ ಅತ್ತಿಮಬ್ಬೆ ಮಾಡಿಸಿ ಹಂಚಿದಳು. ಆಕೆಯ ಲಕ್ಕುಂಡಿಯ ಶಾಸನದ ಕಾಲ 1007. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಹಸಿದವನಿಗೆ ಅನ್ನ ಕೊಡುವಷ್ಟೇ ತಿಳಿವನ್ನು ತಲುಪಿಸುವುದೂ ಅಗತ್ಯವೆಂದು ಎಣಿಸಿದ ಪರಂಪರೆ ಇದು. ಒಂದೇ ಪ್ರತಿಯಿದ್ದರೆ ಅದನ್ನು ಇಟ್ಟುಕೊಂಡವನೇ ಒಡೆಯ. ಸಾವಿರ ಪ್ರತಿಗಳಿದ್ದರೆ ಓದುವವರೆಲ್ಲರೂ ಒಡೆಯರು.

ಸುರಪುರದ ನ್ಯಾಸ

ಹುಣಸಗಿಯು ಸೇರಿದ್ದ ಸುರಪುರ ಸಂಸ್ಥಾನದ ಕಥೆಯಲ್ಲಿ ನ್ಯಾಸವೆಂಬ ಮಾತಿಗೆ ಜೀವಂತವಾದ ಉದಾಹರಣೆಯಿದೆ. 1842ರಲ್ಲಿ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಉತ್ತರಾಧಿಕಾರಿ ವೆಂಕಟಪ್ಪ ನಾಯಕರು ಇನ್ನೂ ಬಾಲಕರು. ನಿಜಾಮನಿಗೆ ಸಲ್ಲಬೇಕಾದ ಕಪ್ಪದ ಬಾಕಿಯಿಂದ ಸಂಸ್ಥಾನ ಜರ್ಜರಿತವಾಗಿತ್ತು. ರಾಣಿ ಈಶ್ವರಮ್ಮನವರಿಗೂ ಬ್ರಿಟಿಷರ ಪ್ರತಿನಿಧಿಗೂ ನಡುವೆ ಅಧಿಕಾರದ ಎಳೆದಾಟ ನಡೆದಿತ್ತು. ಈ ಸನ್ನಿವೇಶದಲ್ಲಿ ಮೆಡೋಸ್ ಟೇಲರನು ರಾಜ್ಯದ ಆಡಳಿತವನ್ನೂ ಬಾಲಕ ರಾಜರ ಪೋಷಣೆಯನ್ನೂ ವಹಿಸಿಕೊಂಡನು. ರಾಜರು ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದರೆಂದು ಅವನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಜನರು ಅವನನ್ನು ಮಹಾದೇವ ಬಾಬಾ ಎಂದು ಕರೆದರು. ಸುರಪುರದ ಬೆಟ್ಟದ ಮೇಲಿನ ಟೇಲರ್ ಮಂಜಿಲ್ ಇಂದಿಗೂ ಅವನ ನೆನಪನ್ನು ಉಳಿಸಿದೆ.

ಟೇಲರನನ್ನು ಕಣ್ಣುಮುಚ್ಚಿ ಹೊಗಳಬೇಕಾಗಿಲ್ಲ. ಅವನು ಸಾಮ್ರಾಜ್ಯದ ಸೇವಕ. ರಾಣಿಯನ್ನೂ ಬೇಡ ಸಮುದಾಯವನ್ನೂ ಅವನು ಕಂಡ ಕಣ್ಣಿನಲ್ಲಿ ಆಳುವವರ ದರ್ಪವೂ ಇತ್ತು. ಆದರೆ ದಾಖಲೆಯ ದೃಷ್ಟಿಯಿಂದ ಅವನ ಸ್ಥಾನ ವಿಶಿಷ್ಟವಾದುದು. ತನ್ನ ಬೊಕ್ಕಸದಲ್ಲಿ ಎಷ್ಟಿದೆ, ತನ್ನ ಹಳ್ಳಿಗಳಿಂದ ಏನು ಬರುತ್ತದೆ ಎಂಬುದನ್ನು ಅರಿಯದ ಬಾಲಕನ ರಾಜ್ಯವನ್ನು ಅವನು ಹನ್ನೊಂದು ವರ್ಷ ಕೈಯಲ್ಲಿಟ್ಟುಕೊಂಡನು. ಪೂಜ್ಯಪಾದರು ಹೇಳಿದ, ತನ್ನ ಇಡುಗಂಟಿನ ಲೆಕ್ಕವೇ ತಿಳಿಯದ ಒಡೆಯನಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಯಾವುದಿದೆ? 1853ರಲ್ಲಿ ರಾಜರು ಪ್ರಾಪ್ತವಯಸ್ಕರಾದಾಗ ಟೇಲರನು ಆಡಳಿತವನ್ನು ಅವರಿಗೆ ಒಪ್ಪಿಸಿ ಹೊರಟನು. ನ್ಯಾಸ ಒಡೆಯನಿಗೆ ಸಂದಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1858ರಲ್ಲಿ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಬಂಡೆದ್ದರು, ಸೆರೆಸಿಕ್ಕರು, ಸೆರೆಯ ಹಾದಿಯಲ್ಲಿ ಗುಂಡಿನ ಏಟಿನಿಂದ ತೀರಿಕೊಂಡರು. ಬ್ರಿಟಿಷರು ಸಂಸ್ಥಾನವನ್ನು ವಶಪಡಿಸಿಕೊಂಡು, 1860ರಲ್ಲಿ ದಂಗೆಯ ಕಾಲದ ನೆರವಿಗೆ ಪ್ರತಿಫಲವಾಗಿ ನಿಜಾಮನಿಗೆ ಕೊಟ್ಟುಬಿಟ್ಟರು. ಒಬ್ಬ ಅಧಿಕಾರಿ ಪ್ರಾಮಾಣಿಕವಾಗಿ ಹಿಂದಿರುಗಿಸಿದ್ದನ್ನು ಅದೇ ಅಧಿಕಾರದ ವ್ಯವಸ್ಥೆ ಏಳು ವರ್ಷಗಳಲ್ಲಿ ಮೂರನೆಯವನಿಗೆ ದಾಟಿಸಿತು. ಈ ನೆಲದ ರೈತರನ್ನಾಗಲಿ, ರಾಜಮನೆತನವನ್ನಾಗಲಿ ಯಾರೂ ಕೇಳಲಿಲ್ಲ. ವ್ಯಕ್ತಿಯ ಸದಾಚಾರ ಎಷ್ಟೇ ದೊಡ್ಡದಿದ್ದರೂ ವ್ಯವಸ್ಥೆಗೆ ವ್ರತವಿಲ್ಲದಿದ್ದರೆ ಅದು ನಿಲ್ಲುವುದಿಲ್ಲ ಎಂಬ ಪಾಠ ಸುರಪುರದ ಇತಿಹಾಸದಲ್ಲಿದೆ. ಇಂದಿನ ಚರ್ಚೆಗೂ ಈ ಪಾಠ ಬೇಕಾಗುತ್ತದೆ.

ದಫ್ತರದ ಕಟ್ಟು

ನಿಜಾಮನ ಆಳ್ವಿಕೆಯಲ್ಲಿ ಊರಿನ ಲೆಕ್ಕ ವಂಶಪಾರಂಪರ್ಯದ ಗ್ರಾಮಾಧಿಕಾರಿಗಳ ಕೈಯಲ್ಲಿತ್ತು. ಮೇಲಿನ ಕಚೇರಿಗಳ ವ್ಯವಹಾರ ಮೊದಲು ಫಾರಸಿಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಉರ್ದುವಿನಲ್ಲಿ ನಡೆಯಿತು. ನಮ್ಮ ಕಡೆಯ ಕಂದಾಯದ ಮಾತುಗಳನ್ನೇ ನೋಡಿ: ದಫ್ತರ, ದಸ್ತಾವೇಜು, ತಹಸೀಲು, ಜಮಾಬಂದಿ, ಬಾಕಿ, ತಕರಾರು. ನೇಗಿಲು, ಕುಂಟೆ, ಕೂರಿಗೆ ಎಂಬ ಮಾತುಗಳಲ್ಲಿ ಹೊಲ ಮಾಡುತ್ತಿದ್ದ ಒಕ್ಕಲಿಗನಿಗೆ ಆ ಹೊಲದ ಹಕ್ಕನ್ನು ಹೇಳಿಕೊಳ್ಳಲು ಬೇರೊಂದು ಭಾಷೆ ಬೇಕಾಗಿತ್ತು. ದಾಖಲೆ ಕೆಂಪು ಬಟ್ಟೆಯ ಕಟ್ಟಿನೊಳಗೆ, ಆ ಕಟ್ಟು ಲೆಕ್ಕ ಬರೆಯುವವರ ಮನೆಯ ಮಾಡದಲ್ಲಿ. ಬಯಲಿನಲ್ಲಿ ನಿಂತಿದ್ದ ಶಾಸನವು ಒಳಮನೆಗೆ ಸೇರಿತ್ತು.

ಆ ಕಾಲದ ಲೆಕ್ಕಿಗರೆಲ್ಲರೂ ವಂಚಕರೆಂದು ಹೇಳುವುದು ಅನ್ಯಾಯ. ಊರಿನ ಪ್ರತಿ ಹೊಲದ ಬದುವನ್ನೂ ಬಾಯಿಪಾಠ ಬಲ್ಲ, ಅಕ್ಷರವಿಲ್ಲದವರ ಹಕ್ಕನ್ನು ಕಾಯ್ದ ಹಿರಿಯರೂ ಅವರಲ್ಲಿದ್ದರು. ದೋಷವಿದ್ದದ್ದು ದಾಖಲೆ ಒಬ್ಬರ ಕೈಯಲ್ಲೇ ಉಳಿದದ್ದರಲ್ಲಿ. ಅಲ್ಲಿ ಕೂಟಲೇಖಕ್ಕೆ ದಾರಿ ಸದಾ ತೆರೆದಿತ್ತು; ಅದನ್ನು ತುಳಿಯುವುದೂ ಬಿಡುವುದೂ ಬರೆಯುವವನ ಮನಸ್ಸಿಗೆ ಬಿಟ್ಟದ್ದಾಗಿತ್ತು.

1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯದೊಡನೆ ಒಂದಾಯಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹಕ್ಕು ಕೊನೆಗೊಂಡಿತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಪಹಣಿ ಕನ್ನಡದಲ್ಲಿ ಬಂದಿತು. 1974ರ ಭೂಸುಧಾರಣೆಯ ಕಾಲದಲ್ಲಿ ಸಾಗುವಳಿ ಮಾಡುವವರ ಹೆಸರನ್ನು ದಾಖಲಿಸುವ ಅಂಕಣದ ಒಂದು ಸಾಲು ಒಂದು ಕುಟುಂಬದ ಭವಿಷ್ಯವನ್ನೇ ನಿರ್ಧರಿಸಿತು. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಈ ಸೀಮೆಯ ಒಣಬೇಸಾಯದ ಹೊಲಗಳಿಗೆ ಹರಿದ ಮೇಲೆ ನೆಲದ ಬೆಲೆ ಏರಿತು. ನೆಲದ ಬೆಲೆ ಏರಿದೊಡನೆ ಕಾಗದದ ಬೆಲೆಯೂ ಏರಿತು.

ಭೂಮಿ ಯೋಜನೆ: ಪಡೆದದ್ದು, ಉಳಿದದ್ದು

ಭೂದಾಖಲೆಗಳ ಗಣಕೀಕರಣದ ಪ್ರಾಯೋಗಿಕ ಯತ್ನವು 1991ರಲ್ಲಿ ಕರ್ನಾಟಕದಲ್ಲಿ ಆರಂಭವಾದದ್ದು ಗುಲ್ಬರ್ಗಾ ಜಿಲ್ಲೆಯಲ್ಲಿ. ಅಂದು ಸುರಪುರವೂ ಹುಣಸಗಿಯೂ ಆ ಜಿಲ್ಲೆಯ ಭಾಗಗಳೇ. ತಾಲ್ಲೂಕು ಮಟ್ಟದಲ್ಲಿ ಕಂಪ್ಯೂಟರುಗಳೇ ಇಲ್ಲದ ಕಾರಣ ಆ ಮೊದಲ ಯತ್ನ ಫಲ ಕೊಡಲಿಲ್ಲ. ಬಳಿಕ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ರೂಪುಗೊಂಡ ಭೂಮಿ ಯೋಜನೆಯು 2001ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕುಗಳನ್ನೂ ತಲುಪಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. 15 ರೂಪಾಯಿ ಕೊಟ್ಟ ಯಾವನೇ ರೈತನಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಮುದ್ರಿತ ಪಹಣಿ ಸಿಗತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು.

ಇದರ ವಿನ್ಯಾಸದಲ್ಲಿ ನೀತಿಪ್ರಜ್ಞೆ ಇತ್ತೆಂಬುದನ್ನು ಮರೆಯಬಾರದು. ದಾಖಲೆ ತಿದ್ದುವ ನೌಕರನು ತನ್ನ ಬೆರಳಚ್ಚು ಕೊಟ್ಟೇ ಒಳಹೋಗಬೇಕು, ನಾನಲ್ಲ ಎನ್ನುವಂತಿಲ್ಲ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು. ಬೇಕಾದವರನ್ನು ಮುಂದೆ ತಳ್ಳುವಂತಿಲ್ಲ. ಕಿಟಕಿಯ ಹೊರಗೆ ನಿಂತವರಿಗೂ ಕಾಣುವಂತೆ ಎರಡನೆಯ ಪರದೆಯೊಂದನ್ನು ಇರಿಸಲಾಯಿತು. ಒಳಮನೆಗೆ ಸೇರಿದ್ದ ಶಾಸನ ಮತ್ತೆ ಬಯಲಿಗೆ ಬಂದಂತಾಯಿತು. ಕೂಟಲೇಖದ ದಾರಿಯನ್ನು ಮುಚ್ಚುವ ಇಂಥ ಪ್ರಯತ್ನ ನಮ್ಮ ಕಂದಾಯದ ಇತಿಹಾಸದಲ್ಲಿ ಅಪರೂಪದ್ದು.

ಆದರೂ ಒಂದು ತೊಡಕು ಉಳಿಯಿತು. ಕಂಪ್ಯೂಟರು ತನಗೆ ಕೊಟ್ಟದ್ದನ್ನು ನಿಷ್ಠೆಯಿಂದ ಕಾಯುತ್ತದೆ. ಕೊಟ್ಟದ್ದು ತಪ್ಪಾಗಿದ್ದರೆ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಅಕ್ಷರ ತಪ್ಪಿದ ಹೆಸರು, ಗುಂಟೆಯ ಲೆಕ್ಕದಲ್ಲಿ ಆದ ಏರುಪೇರು, ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದ ಖಾತೆ ಇವೆಲ್ಲ ಮುದ್ರಿತ ಅಕ್ಷರದ ಗೌರವ ಪಡೆದು ಕುಳಿತವು. ಹಿಂದೆ ಲೆಕ್ಕಿಗನ ಎದುರು ಜಗಳವಾಡಬಹುದಾಗಿತ್ತು. ಈಗ ‘ಕಂಪ್ಯೂಟರಿನಲ್ಲಿ ಹಾಗೇ ಇದೆ’ ಎಂಬ ಮಾತಿನ ಎದುರು ಜಗಳವಿಲ್ಲ. ಸಾಲಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಭೂಮಿ ಯೋಜನೆಯಿಂದ ದೊಡ್ಡ ಭೂವ್ಯವಹಾರಸ್ಥರಿಗೆ ಅನುಕೂಲವಾಯಿತೆಂದೂ, ಸಣ್ಣವರು ಸ್ಥಳೀಯವಾಗಿ ಬಗೆಹರಿಸಿಕೊಳ್ಳುತ್ತಿದ್ದ ದಾರಿಗಳು ಮುಚ್ಚಿದವೆಂದೂ ವಾದಿಸಿತು. ಆ ವಾದವನ್ನು ಪೂರ್ತಿ ಒಪ್ಪದಿದ್ದರೂ ಅದರ ಎಚ್ಚರಿಕೆ ಯೋಗ್ಯವಾದುದು. ದಾಖಲೆ ಎಲ್ಲರಿಗೂ ಕಂಡರೆ ಅದನ್ನು ಓದಬಲ್ಲವನಿಗೆ, ಬಳಸಬಲ್ಲವನಿಗೆ ಮೊದಲ ಲಾಭ. ಅಂತರವನ್ನು ತುಂಬದೆ ಬಾಗಿಲನ್ನಷ್ಟೇ ತೆರೆದರೆ ಬಲವುಳ್ಳವನು ಮೊದಲು ಒಳಗೆ ಬರುತ್ತಾನೆ.

ಅನ್ನಪಾನನಿರೋಧ

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ನಮ್ಮನ್ನು ನಂಬಿದ ಜೀವಿಗೆ ಹೊತ್ತಿಗೆ ಸರಿಯಾಗಿ ಸಲ್ಲಬೇಕಾದ ಅನ್ನ ನೀರನ್ನು ತಡೆಯುವುದು. ಮೂಲದಲ್ಲಿ ಇದು ಮನೆಯ ದನಕರುಗಳನ್ನೂ ಆಶ್ರಿತರನ್ನೂ ಕುರಿತದ್ದು. ಹೊಡೆಯುವುದು ಕಟ್ಟುವುದುಗಳ ಸಾಲಿನಲ್ಲೇ ಆಚಾರ್ಯರು ಇದನ್ನೂ ಇರಿಸಿದ್ದಾರೆ. ಕೈಯೆತ್ತದೆಯೂ ಹಿಂಸೆ ಸಾಧ್ಯ, ತಡಮಾಡಿದರೆ ಸಾಕು ಎಂಬುದು ಇದರ ಅರ್ಥ.

ಯಾದಗಿರಿ ಜಿಲ್ಲೆಯಿಂದ ಗುಳೆ ಹೋಗುವುದು ಹೊಸತಲ್ಲ. ಸುಗ್ಗಿ ಮುಗಿದ ಮೇಲೆ ಸುರಪುರ, ಹುಣಸಗಿ, ಶಹಾಪುರಗಳ ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡದ ಕೆಲಸಕ್ಕೆ ತೆರಳುತ್ತವೆ. ಸಿಮೆಂಟು, ಸುಣ್ಣ, ಕಲ್ಲು ಹಿಡಿದ ಬೆರಳುಗಳ ಗೆರೆ ಸವೆದಿರುತ್ತದೆ. ಪಡಿತರದ ಅಂಗಡಿಯ ಯಂತ್ರ ಕೇಳುವುದು ಆ ಗೆರೆಯನ್ನೇ. ದುಡಿದದ್ದಕ್ಕೆ ಸಾಕ್ಷಿಯಾಗಬೇಕಾಗಿದ್ದ ಸವೆತವು ಗುರುತು ಇಲ್ಲವೆನ್ನುವುದಕ್ಕೆ ಸಾಕ್ಷಿಯಾಗುತ್ತದೆ. ‘ಸರ್ವರ್ ಇಲ್ಲ, ನಾಳೆ ಬಾ’ ಎಂಬ ಮಾತನ್ನು ಕೇಳದ ಹಳ್ಳಿಯಿಲ್ಲ. ನಾಳೆ ಬರುವುದೆಂದರೆ ಒಂದು ದಿನದ ಕೂಲಿ ಹೋಗುವುದು.

2016ರ ಆಧಾರ್ ಕಾಯಿದೆಯೇ ಆಧಾರ್ ಸಂಖ್ಯೆ ಸಿಗದವರಿಗೆ ಬೇರೆ ಗುರುತಿನ ದಾರಿಯನ್ನು ಕೊಡಬೇಕೆನ್ನುತ್ತದೆ. ಬೆರಳಚ್ಚು ಒಪ್ಪಿಗೆಯಾಗದಿದ್ದಾಗಲೂ ಪಡಿತರ ನಿಲ್ಲಬಾರದೆಂಬ ಸೂಚನೆಗಳಿವೆ. ಆದರೆ ಸರದಿಯಲ್ಲಿ ನಿಂತ ಅಜ್ಜಿಗೆ ಅದು ತಿಳಿಯದು. ತಿಳಿಯದ ಕಾರಣ ಆಕೆ ಕೇಳುವುದಿಲ್ಲ. ಕೇಳದ ಕಾರಣ ಯಾರೂ ಹೇಳುವುದಿಲ್ಲ. ಇಲ್ಲಿ ಯಾರೂ ಅಕ್ಕಿ ಕದ್ದಿಲ್ಲ, ಸುಳ್ಳು ಬರೆದಿಲ್ಲ. ಆದರೂ ಆಕೆಯ ಚೀಲ ಬರಿದಾಗಿದೆ. ಪೂಜ್ಯಪಾದರ ಮಾತು ಮತ್ತೆ ನೆನಪಾಗುತ್ತದೆ: ಇಟ್ಟವನ ಮರೆವಿಗೆ ಇಟ್ಟುಕೊಂಡವನು ತಲೆಯಾಡಿಸಿದ್ದಾನೆ.

ಉದ್ಯೋಗ ಖಾತರಿಯ ಕಥೆಯೂ ಹೀಗೆಯೇ. 2006ರಲ್ಲಿ ಮೊದಲ ಹಂತದಲ್ಲಿ ಆರಿಸಿಕೊಂಡ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಗುಲ್ಬರ್ಗಾವೂ ಒಂದು. ಅರ್ಜಿ ಕೊಟ್ಟ 15 ದಿನಗಳಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಸಲ್ಲಬೇಕೆಂದು 2005ರ ಕಾಯಿದೆಯಲ್ಲಿ ಬರೆದಿತ್ತು. ದಿನಾಂಕ ಹಾಕಿದ ರಸೀದಿ ಇಲ್ಲದೆ ಆ 15 ದಿನಗಳನ್ನು ಎಣಿಸುವುದು ಎಲ್ಲಿಂದ? ಹೀಗೆ ಒಂದು ಚೀಟಿಯನ್ನು ಕೊಡದಿದ್ದರೆ ಸಾಕು, ಒಂದು ಹಕ್ಕು ಮಾಯವಾಗುತ್ತದೆ.

ರಹಸ್ಯದ ಗೌರವ

ದಾಖಲೆ ಬಯಲಿನಲ್ಲಿರಬೇಕೆಂದು ಇದುವರೆಗೆ ಹೇಳಿದ್ದಾಯಿತು. ಹಾಗೆಂದು ಎಲ್ಲವೂ ಬಯಲಾಗಬೇಕೆ? ಇಲ್ಲಿಯೇ ರಹೋಭ್ಯಾಖ್ಯಾನ ಮತ್ತು ಸಾಕಾರಮಂತ್ರಭೇದಗಳ ವಿವೇಕ ಬೇಕಾಗುವುದು. ಸಾರ್ವಜನಿಕ ಭೂಮಿ, ಸಾರ್ವಜನಿಕ ಹಣ, ಅಧಿಕಾರಿಯ ಆದೇಶ ಇವು ಬಯಲಿನವು. ಮನುಷ್ಯನ ದೇಹ, ಕಾಯಿಲೆ, ಕುಟುಂಬ, ನಂಬಿಕೆ ಇವು ಏಕಾಂತದವು. ಆಳುವವನ ಲೆಕ್ಕ ತೆರೆದಿರಬೇಕು, ಆಳಿಸಿಕೊಳ್ಳುವವನ ಬದುಕು ಮುಚ್ಚಿರಬೇಕು. ಇದು ತಿರುವುಮುರುವಾದಾಗ ಆಡಳಿತವು ಬೇಹುಗಾರಿಕೆಯಾಗುತ್ತದೆ.

ಈ ಗೆರೆಯನ್ನು ದೇಶಕ್ಕೆ ಎಳೆದುಕೊಟ್ಟವರು ಒಬ್ಬ ಕನ್ನಡಿಗರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರನ್ನು ಎತ್ತಿಹಿಡಿದರೂ ಅದರ ಬಳಕೆಗೆ ಮಿತಿಗಳನ್ನು ಹಾಕಿತು. ಆಧಾರನ್ನು ಕಟ್ಟಿದ ಪ್ರಾಧಿಕಾರದ ಮೊದಲ ಅಧ್ಯಕ್ಷ ನಂದನ್ ನಿಲೇಕಣಿ ಅವರೂ ಬೆಂಗಳೂರಿನವರೇ, ಅದಕ್ಕೆ ಎಲ್ಲೆ ಹಾಕಿಸಿದ ಪುಟ್ಟಸ್ವಾಮಿ ಅವರೂ ಅದೇ ಊರಿನಲ್ಲಿ ನೆಲೆಸಿದ್ದವರು. ಕಟ್ಟುವವರು, ಕಟ್ಟಿದ್ದಕ್ಕೆ ಮೇರೆ ತೋರುವವರು ಇಬ್ಬರೂ ಒಂದು ನಾಡಿಗೆ ಬೇಕು. 2024ರಲ್ಲಿ ಪುಟ್ಟಸ್ವಾಮಿ ಅವರು ನಿಧನರಾದರು. ಸ್ವಂತಕ್ಕೆ ಏನೂ ಬೇಡದ ವಯಸ್ಸಿನಲ್ಲಿ ಕೋಟ್ಯಂತರ ಅಪರಿಚಿತರ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವುದಕ್ಕೆ ಪರಹಿತವೆಂಬ ಹೆಸರೇ ತಕ್ಕುದು.

ವೈಯಾವೃತ್ತ್ಯ

ಸೇವೆ ಎಂಬ ಮಾತನ್ನು ನಾವು ಬಹಳ ಸವೆಸಿದ್ದೇವೆ. ಸೇವಾ ಕೇಂದ್ರ, ಸೇವಾ ಶುಲ್ಕ, ಸೇವಾ ಸಿಂಧು ಎಂದು ಎಲ್ಲೆಡೆ ಅದೇ ಹೆಸರು. ಜೈನ ಪರಂಪರೆಯಲ್ಲಿ ಇದಕ್ಕಿರುವ ಗಂಭೀರವಾದ ಪದ ವೈಯಾವೃತ್ತ್ಯ. ಬಳಲಿದವರ, ರೋಗಿಗಳ, ತಪಸ್ವಿಗಳ ಶುಶ್ರೂಷೆ. ಇದು ಆರು ಅಂತರಂಗ ತಪಸ್ಸುಗಳಲ್ಲಿ ಒಂದು. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಶಿಕ್ಷಾವ್ರತಗಳಲ್ಲಿಯೂ ಇದನ್ನು ಸೇರಿಸಿ, ದಾನವನ್ನು ಇದರೊಳಗೆ ತಂದರು. ಸೇವೆ ತಪಸ್ಸಾದರೆ ಸೇವೆ ಮಾಡುವವನು ಉಪಕಾರಿಯಲ್ಲ, ಶುದ್ಧಿಗೊಳ್ಳುವವನು ಅವನೇ. ಕಿಟಕಿಯ ಒಳಗೆ ಕುಳಿತವನು ಹೊರಗೆ ನಿಂತವಳಿಗೆ ಋಣಿ. ಜೀವಿಗಳು ಪರಸ್ಪರ ಉಪಕಾರದಿಂದಲೇ ಬಾಳುತ್ತವೆಂಬ ತತ್ತ್ವಾರ್ಥಸೂತ್ರದ ದರ್ಶನಕ್ಕೆ ಕಚೇರಿಯೂ ಹೊರತಲ್ಲ.

ಕರ್ನಾಟಕವು ಇದನ್ನು ಕಾನೂನಾಗಿ ತರಲು ಯತ್ನಿಸಿದ್ದುಂಟು. 2011ರ ಸಕಾಲ ಕಾಯಿದೆ 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂದಿತು. ಗೊತ್ತಾದ ದಿನದೊಳಗೆ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರ ಸಲ್ಲಬೇಕು. ಅದು ತಪ್ಪಿತಸ್ಥ ನೌಕರನ ಸಂಬಳದಿಂದ ಬರಬೇಕು. ಮೊತ್ತ ಚಿಕ್ಕದು, ತತ್ತ್ವ ದೊಡ್ಡದು: ಕಾಯುವವನ ಸಮಯಕ್ಕೂ ಬೆಲೆಯಿದೆ. ಅದಕ್ಕೂ ಹಿಂದಿನ 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಪ್ರಕರಣವು ಕೇಳುವ ಮೊದಲೇ ಮಾಹಿತಿಯನ್ನು ಪ್ರಕಟಿಸಬೇಕೆಂದು ಕಚೇರಿಗಳಿಗೆ ವಿಧಿಸುತ್ತದೆ. ನ್ಯಾಸದ ನೀತಿ ಇದೇ ಅಲ್ಲವೆ? ಒಡೆಯನು ಮರೆತಿದ್ದರೂ ಪೂರ್ಣ ಲೆಕ್ಕ ಹೇಳುವುದು.

ಈಚಿನ ವರ್ಷಗಳಲ್ಲಿ ಹುಣಸಗಿ ತಾನೇ ತಾಲ್ಲೂಕಾಗಿದೆ. ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ಭೂ ಸುರಕ್ಷಾ ಯೋಜನೆ 2024ರಲ್ಲಿ ರಾಜ್ಯದಲ್ಲಿ ಮೊದಲಾಯಿತು. ಪಹಣಿಗೆ ಆಧಾರ್ ಜೋಡಣೆಯೂ ನಡೆಯಿತು. ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಇವುಗಳ ಜೊತೆಗೆ ಒಂದು ಪ್ರತಿಕ್ರಮಣವೂ ಬೇಕು. ಶ್ರಾವಕನು ದಿನದ ಕೊನೆಯಲ್ಲಿ ತನ್ನ ನಡೆಯನ್ನು ತಿರುಗಿ ನೋಡಿ, ಅರಿಯದೆ ಆದ ತಪ್ಪನ್ನೂ ಎಣಿಸಿ, ಹಿಂದಿರುಗುತ್ತಾನೆ. ಆಡಳಿತವೂ ಹಾಗೆ ತಿರುಗಿ ನೋಡಬೇಕು. ಇಂದು ಯಾರ ಬೆರಳನ್ನು ಯಂತ್ರ ಒಪ್ಪಲಿಲ್ಲ, ಯಾರ ಅರ್ಜಿ ಯಾವ ಕಾರಣಕ್ಕೆ ತಿರಸ್ಕೃತವಾಯಿತು, ಯಾರು ಮೂರು ಸಲ ಬಂದು ಹೋದರು ಎಂಬ ಪಟ್ಟಿಯನ್ನು ಕೊಟ್ಟ ಸೇವೆಗಳ ಸಂಖ್ಯೆಗಿಂತ ಮೊದಲು ಓದಬೇಕು. ತಪ್ಪನ್ನು ತಿದ್ದುವ ಹೊಣೆ ತಪ್ಪು ಮಾಡಿದ ಕಚೇರಿಯದೇ ಆಗಬೇಕೇ ಹೊರತು, ಕೂಲಿ ಬಿಟ್ಟು ಅಲೆಯುವವರದಲ್ಲ. ಯಂತ್ರ ಸೋತ ಕಡೆ ಮನುಷ್ಯನೊಬ್ಬನಿಗೆ ನಿರ್ಧರಿಸುವ ಅಧಿಕಾರವಿರಬೇಕು, ಆ ನಿರ್ಧಾರಕ್ಕೆ ಅವನ ಹೆಸರಿರಬೇಕು.

ಟೇಲರನಂಥ ಒಬ್ಬ ವ್ಯಕ್ತಿಯ ಒಳ್ಳೆಯತನ ಸುರಪುರವನ್ನು ಉಳಿಸಲಿಲ್ಲ. ಚಾವ್ಲಾ ಅವರಂಥ ಅಧಿಕಾರಿಗಳ ಜಾಣ್ಮೆಯೂ ತಾನಾಗಿಯೇ ಶಾಶ್ವತವಾಗಿ ನಿಲ್ಲದು. ವ್ಯವಸ್ಥೆಯೇ ವ್ರತ ಹಿಡಿಯಬೇಕು. ವ್ರತದ ಅತಿಚಾರಗಳನ್ನು ಗುರುತಿಸಬಲ್ಲ ಜನ ಅದರ ಒಳಗೂ ಹೊರಗೂ ಇರಬೇಕು. ಕಂಪ್ಯೂಟರಿನಲ್ಲಿರುವ ಪಹಣಿ ಸರ್ಕಾರದ ಆಸ್ತಿಯಲ್ಲ, ರೈತನು ಇಟ್ಟ ನ್ಯಾಸ. ಪಡಿತರದ ಪಟ್ಟಿಯಲ್ಲಿರುವ ಬೆರಳಚ್ಚು ಆ ಅಜ್ಜಿ ಇಟ್ಟ ನ್ಯಾಸ. ಅವರು ತಮ್ಮ ಪಾಲೆಷ್ಟೆಂದು ಮರೆತಿರಬಹುದು, ಅಥವಾ ಅವರಿಗೆ ಯಾರೂ ಎಂದೂ ಹೇಳಿರಲಿಕ್ಕಿಲ್ಲ. ಅವರು ಕಡಿಮೆ ಕೇಳಿದಾಗ, ‘ಅಮ್ಮಾ, ನಿಮ್ಮದು ಇನ್ನೂ ಇದೆ’ ಎಂದು ಹೇಳುವ ಧ್ವನಿ ಕಿಟಕಿಯ ಒಳಗಿನಿಂದ ಬಂದರೆ, ಅಂದು ಆಡಳಿತವು ಅಣುವ್ರತವನ್ನು ಸ್ವೀಕರಿಸಿತೆಂದು ತಿಳಿಯಬಹುದು.